ಹತ್ತೂವರೆ ಅಡಿಯ ರೇಸ್ ದೋಣಿಗೆ ಯಾವ ಎಂಜಿನ್?

ಪ್ರಶ್ನೆ: ನಾನು ಗಂಗೊಳ್ಳಿಯವನು. ಎಂಟು ವರ್ಷದಿಂದ ಸಿಯಾಟಲ್ ಹತ್ತಿರ ಇದ್ದೇನೆ. ಇಲ್ಲಿ ಕೆರೆಗಳಲ್ಲಿ ನಡೆಯುವ ಸಣ್ಣ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್) ರೇಸ್ ನೋಡಿ ಆಸೆ ಹುಟ್ಟಿ, ಹತ್ತೂವರೆ ಅಡಿಯ ಹಳೆಯ ಪ್ಲೈವುಡ್ ಹೈಡ್ರೋಪ್ಲೇನ್, ಅಂದರೆ ನೀರನ್ನು ಅಷ್ಟಷ್ಟೇ ಮುಟ್ಟಿ ಓಡುವ ರೇಸ್ ದೋಣಿ, ಒಂದನ್ನು ಕೊಂಡೆ. ಬರಿ ದೋಣಿಯ ತೂಕ 65 ಕೆಜಿ, ನನ್ನದು 82. ದೋಣಿಯ ಜೊತೆಗೇ ಮರ್ಕ್ಯುರಿಯ 25 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್ ಬಂತು. ಪ್ರೊಪೆಲ್ಲರ್ 13 ಇಂಚು ಪಿಚ್‌ನದು, ಗೇರ್ 2.25ಕ್ಕೆ 1, ಅಂದರೆ ಎಂಜಿನ್ 2.25 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. ಪೂರ್ತಿ ಥ್ರಾಟಲ್ ಕೊಟ್ಟರೆ ಟ್ಯಾಕೋಮೀಟರ್ ನಿಮಿಷಕ್ಕೆ 6000 ಸುತ್ತು (ಆರ್‌ಪಿಎಂ) ತೋರಿಸುತ್ತದೆ, ಜಿಪಿಎಸ್‌ನಲ್ಲಿ ಗಂಟೆಗೆ 46 ಕಿ.ಮೀ. ಮುಟ್ಟಿ ಅಲ್ಲೇ ನಿಲ್ಲುತ್ತದೆ. ಆ ವೇಗದಲ್ಲಿ ಮೂಗು ಎದ್ದು ಬಿದ್ದು ಎದ್ದು ಬಿದ್ದು ಕುಪ್ಪಳಿಸುತ್ತದೆ. ಊರಲ್ಲಿ ನಾಡದೋಣಿ ಇಟ್ಟುಕೊಂಡಿರುವ ಸೋದರಮಾವ ‘40 ಎಚ್‌ಪಿ ಹಾಕು, ಎಂಜಿನ್ ಇನ್ನೂ ಆಳಕ್ಕೆ ಇಳಿಸು, ಹಿಡಿತ ಸಿಗುತ್ತದೆ’ ಅನ್ನುತ್ತಾರೆ. ಕ್ಲಬ್ಬಿನ ಗೆಳೆಯರು ಜಪಾನಿನ ಹಳೆ ಯಮಾಟೊ ರೇಸ್ ಎಂಜಿನ್ ತೆಗೆದುಕೋ ಅನ್ನುತ್ತಾರೆ. ಅಂಗಡಿಯವರು ಹೊಸ 20 ಎಚ್‌ಪಿ ಫೋರ್ ಸ್ಟ್ರೋಕ್ ತೋರಿಸಿದರು. ಮುಂದಿನ ಸೀಸನ್ನಿಗೆ ರೇಸಿಗೆ ಇಳಿಯಬೇಕು. ದೋಣಿ ಗಾಳಿಗೆ ಮಗುಚಿ ಬೀಳುವ ವಿಡಿಯೋ ನೋಡಿದಾಗಿನಿಂದ ಹೆಂಡತಿಗೆ ನಿದ್ದೆ ಇಲ್ಲ. ನಾನು ಯಾವ ಎಂಜಿನ್ ಕೊಳ್ಳಲಿ?

ಉತ್ತರ: ನೀವು ಅಳತೆಗಳನ್ನು ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಅವನ್ನು ಕೂಡಿಸಿ ಭಾಗಿಸಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ, ಜಾರದೆ ಹೋದರೆ, ಎಷ್ಟು ಇಂಚು ಮುಂದೆ ಸಾಗಬೇಕು ಎಂಬ ಅಳತೆ. ಎಂಜಿನ್ನಿನ ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, 0.001524ರಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಬರುತ್ತದೆ. ನಿಮ್ಮದು 6000 × 13 × 0.001524 ÷ 2.25, ಅಂದರೆ 52.8 ಕಿ.ಮೀ. ಜಿಪಿಎಸ್ ತೋರಿಸಿದ್ದು 46. ನಡುವಿನ ಕೊರತೆ ನೂರಕ್ಕೆ 13ರಷ್ಟು. ಇದನ್ನು ಸ್ಲಿಪ್ ಎನ್ನುತ್ತಾರೆ. ಸಣ್ಣ ಹಗುರ ದೋಣಿಗೆ ಇಷ್ಟು ಸ್ಲಿಪ್ ಸಹಜ, ಕೆಟ್ಟದ್ದೇನೂ ಅಲ್ಲ.

ಅಂದರೆ ನಿಮ್ಮ ಎಂಜಿನ್ ಶಕ್ತಿ ಸಾಲದೆ ನಿಂತಿಲ್ಲ. ಸುತ್ತಬಹುದಾದಷ್ಟು ಸುತ್ತಿದೆ, ಪ್ರೊಪೆಲ್ಲರ್ ಹೋಗಬಹುದಾದಷ್ಟು ಹೋಗಿದೆ. ಶಕ್ತಿ ಸಾಲದಿದ್ದರೆ ಟ್ಯಾಕೋಮೀಟರ್ 4800ರಲ್ಲೋ 5000ದಲ್ಲೋ ಮೊಂಡು ಹಿಡಿದು ನಿಲ್ಲುತ್ತಿತ್ತು. 6000 ಮುಟ್ಟುತ್ತಿದೆ ಎಂದರೆ ಅಡ್ಡ ನಿಂತಿರುವುದು ಗೇರ್. ಒಂದು ಇಂಚು ಹೆಚ್ಚು, ಅಂದರೆ 14ರ ಪ್ರೊಪೆಲ್ಲರ್ ಹಾಕಿ, ಅದೇ 6000ಕ್ಕೆ ಎಳೆಯಿತು ಎಂದೇ ಇಟ್ಟುಕೊಳ್ಳಿ, ಅದೇ ಸ್ಲಿಪ್‌ನಲ್ಲಿ 49.5 ಕಿ.ಮೀ. ಆಗುತ್ತದೆ. ಮೂರೂವರೆ ಕಿ.ಮೀ. ಲಾಭ. ಹೊರೆ ಹೆಚ್ಚಾದಾಗ ಒಂದಿಂಚು ಪಿಚ್‌ಗೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಇಳಿಯುವುದರಿಂದ ಅದರಲ್ಲೂ ಒಂದು ಪಾಲು ಹೋಗುತ್ತದೆ.

2.25ರ ಗೇರ್ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿ ಭಾರ ಎಳೆಯಲು ಮಾಡಿದ್ದು. ನಾಲ್ಕು ಜನ, ಬಲೆ, ಐಸ್ ಪೆಟ್ಟಿಗೆ, ಇಂಥ ಕೆಲಸಕ್ಕೆ. ರೇಸ್ ಎಂಜಿನ್ನಿನ ಕೆಳಗಿನ ಭಾಗ ಬೇರೆಯದೇ ಜಾತಿ. ಗೇರ್ ಹೆಚ್ಚುಕಡಿಮೆ ಒಂದಕ್ಕೆ ಒಂದು, ಗೇರ್‌ಕೇಸ್ (ನೀರಿನೊಳಗೆ ಗೇರ್ ಕೂತಿರುವ ಕವಚ) ತೆಳ್ಳಗೆ, ಪ್ರೊಪೆಲ್ಲರ್ ಚಿಕ್ಕದು, ಅರ್ಧ ನೀರಿನಿಂದ ಮೇಲೆಯೇ ಇದ್ದು ತಿರುಗುವಂಥದ್ದು. ಲೆಕ್ಕಕ್ಕಾಗಿ ಗೇರ್ 1, ಪಿಚ್ 9, ಆರ್‌ಪಿಎಂ 6600 ಎಂದು ಹಿಡಿಯಿರಿ. ಅದೇ ನೂರಕ್ಕೆ 13 ಸ್ಲಿಪ್ ಕಳೆದರೂ 78 ಕಿ.ಮೀ. ದಾಟುತ್ತದೆ. ಎಂಜಿನ್ನಿನ ಗಾತ್ರ ಎರಡರಲ್ಲೂ ಹತ್ತಿರಹತ್ತಿರ ಒಂದೇ, ಸುಮಾರು 400 ಸಿಸಿ.

ಮಾವನ ಮಾತು

ಅವರ ಮಾತು ತಪ್ಪೆಂದು ತಳ್ಳಿಹಾಕಬೇಡಿ. ಗಂಗೊಳ್ಳಿ ಅಳಿವೆಯಲ್ಲಿ, ನೊರೆ ತುಂಬಿದ ಅಲೆಯ ನಡುವೆ, ಮೀನು ತುಂಬಿದ ದೋಣಿಯನ್ನು ಒಳಗೆ ತರುವವರಿಗೆ ಪ್ರೊಪೆಲ್ಲರ್ ಆಳದಲ್ಲೇ ಇರಬೇಕು. ಒಮ್ಮೆ ಅದು ಗಾಳಿ ಸೇದಿ ಹಿಡಿತ ತಪ್ಪಿದರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ, ಜೀವಕ್ಕೇ ಬರುತ್ತದೆ. ಅಲ್ಲಿ ವೇಗಕ್ಕಿಂತ ಹಿಡಿತ ಮುಖ್ಯ. ಅಲ್ಲಿನ ಸೀಮೆಎಣ್ಣೆ ಎಂಜಿನ್ನುಗಳ ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ) ಕಡಿಮೆ ಇರುವುದರಿಂದ ಅದೇ ಎಚ್‌ಪಿಯ ಪೆಟ್ರೋಲ್ ಎಂಜಿನ್ನಿನಷ್ಟು ಚುರುಕು ಅವಕ್ಕೆ ಇರುವುದಿಲ್ಲ. ಹಾಗಾಗಿ ‘ದೊಡ್ಡದು ಹಾಕು’ ಎನ್ನುವುದು ಅಲ್ಲಿ ಅನುಭವದ ಮಾತೇ.

ನಿಮ್ಮ ದೋಣಿಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹೈಡ್ರೋಪ್ಲೇನ್ ವೇಗಕ್ಕೆ ಬಂದಾಗ ಮುಂಭಾಗದ ಎಡಬಲಕ್ಕೆ ಚಾಚಿರುವ ಎರಡು ಸ್ಪಾನ್ಸನ್‌ಗಳ ಹಿಂತುದಿ ಮತ್ತು ಪ್ರೊಪೆಲ್ಲರ್, ಈ ಮೂರೇ ಕಡೆ ನೀರು ಮುಟ್ಟಬೇಕು. ಉಳಿದದ್ದನ್ನು ತಳದ ಅಡಿ ನುಗ್ಗುವ ಗಾಳಿ ಎತ್ತಿ ಹಿಡಿದಿರುತ್ತದೆ. ನೀರಿನೊಳಗೆ ಇಳಿಸಿದ ಗೇರ್‌ಕೇಸಿನ ಒಂದೊಂದು ಸೆಂಟಿಮೀಟರೂ ಬ್ರೇಕ್ ಹಿಡಿದ ಹಾಗೆ. ವೇಗ ಎರಡರಷ್ಟಾದರೆ ಆ ಎಳೆತ ನಾಲ್ಕರಷ್ಟಾಗುತ್ತದೆ.

ಇನ್ನು 40 ಎಚ್‌ಪಿ ವಿಷಯ. ಈಗ ಅಂಗಡಿಯಲ್ಲಿ ಸಿಗುವ 40ರ ಫೋರ್ ಸ್ಟ್ರೋಕ್ 90 ಕೆಜಿ ದಾಟುತ್ತದೆ. ನಿಮ್ಮ 25ರ ಟೂ ಸ್ಟ್ರೋಕ್ ಸುಮಾರು 52 ಕೆಜಿ. ದೋಣಿ, ನೀವು, ಎಂಜಿನ್ ಸೇರಿ ಈಗ 199 ಕೆಜಿ. ಇದರ ತೂಕದ ಕೇಂದ್ರದಿಂದ ಎಂಜಿನ್ ಸುಮಾರು 150 ಸೆಂ.ಮೀ. ಹಿಂದೆ ನೇತಾಡುತ್ತಿದೆ ಎಂದುಕೊಳ್ಳಿ. 95 ಕೆಜಿಯ ಎಂಜಿನ್ ಹಾಕಿದರೆ 43 ಕೆಜಿ ಹೆಚ್ಚು, ತೂಕದ ಕೇಂದ್ರ ಸುಮಾರು 27 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಅದನ್ನು ಮತ್ತೆ ಹಳೆಯ ಜಾಗಕ್ಕೆ ತರಲು 82 ಕೆಜಿಯ ನೀವು 79 ಸೆಂ.ಮೀ. ಮುಂದೆ ಮಂಡಿಯೂರಬೇಕು. ಅಷ್ಟು ಮುಂದೆ ಕಾಕ್‌ಪಿಟ್ಟೇ ಇಲ್ಲ, ಡೆಕ್ ಮೇಲೆ ಕೂರಬೇಕಾಗುತ್ತದೆ. ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್, ಅಷ್ಟು ತೂಕಕ್ಕೂ ಅಷ್ಟು ತಳ್ಳುವ ಬಲಕ್ಕೂ ಕಟ್ಟಿದ್ದಲ್ಲ. ನಿಮ್ಮ ಮನೆಯವರು ವಿಡಿಯೋದಲ್ಲಿ ನೋಡಿ ಹೆದರಿದ್ದನ್ನು ನಾವೇ ಕೈಯಾರೆ ಕಟ್ಟಿದ ಹಾಗಾಗುತ್ತದೆ. 40ರ ಯೋಚನೆ ಪೂರ್ತಿ ಬಿಟ್ಟುಬಿಡಿ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಎಂಜಿನ್ನಿನಲ್ಲಿ 10 ಕೆಜಿ ಇಳಿದರೆ ತೂಕದ ಕೇಂದ್ರ ಸುಮಾರು 8 ಸೆಂ.ಮೀ. ಮುಂದೆ ಬರುತ್ತದೆ. ನೀವು 18 ಸೆಂ.ಮೀ. ಮುಂದೆ ಸರಿದು ಕೂತದ್ದಕ್ಕೆ ಸಮ. ಸಣ್ಣ ದೋಣಿಯಲ್ಲಿ ಎಂಜಿನ್ನಿನ ತೂಕ ಎಚ್‌ಪಿಯಷ್ಟೇ ಮುಖ್ಯವಾಗುವುದು ಈ ಕಾರಣಕ್ಕೆ.

ಕುಪ್ಪಳಿಸುವುದು ಎಂಜಿನ್ನಿನ ರೋಗವಲ್ಲ

ಮೂಗು ಲಯಬದ್ಧವಾಗಿ ಎದ್ದು ಬೀಳುವುದಕ್ಕೆ ಪಾರ್ಪಾಯಿಸಿಂಗ್ ಎನ್ನುತ್ತಾರೆ. ತೂಕ ಹಿಂದಾಗಿರಬಹುದು, ಎಂಜಿನ್ ಮೂಗನ್ನು ಅತಿಯಾಗಿ ಎತ್ತುವ ಕೋನದಲ್ಲಿರಬಹುದು, ಇಲ್ಲವೇ ತಳ ನೇರವಾಗಿಲ್ಲದಿರಬಹುದು. ಹಳೆಯ ಪ್ಲೈವುಡ್ ದೋಣಿಯಲ್ಲಿ ಮೊದಲು ಸಂಶಯ ಪಡಬೇಕಾದ್ದು ತಳವನ್ನು. ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಹೊಡೆದರೆ ಹೊಸದರಂತೆ ಹೊಳೆಯುತ್ತದೆ.

ಎಂಜಿನ್ ಇಳಿಸಿ, ದೋಣಿಯನ್ನು ಬೋರಲು ಹಾಕಿ, ಎರಡು ಸ್ಟ್ಯಾಂಡ್ ಮೇಲೆ ಮಟ್ಟವಾಗಿ ಕೂರಿಸಿ. ನಾಲ್ಕು ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಟ್ರಾನ್ಸಮ್ ಅಂಚಿನಿಂದ ಮುಂದಕ್ಕೆ ಉದ್ದುದ್ದ ಇಡಿ. ಶೆಡ್ಡಿನ ಲೈಟ್ ಆರಿಸಿ, ಪಟ್ಟಿಯ ಆಚೆ ಬದಿ ಟಾರ್ಚ್ ಹಿಡಿದು, ಈಚೆಯಿಂದ ಕಣ್ಣನ್ನು ತಳದ ಮಟ್ಟಕ್ಕೆ ತಂದು ನೋಡಿ. ನೇರವಾಗಿದ್ದರೆ ಉದ್ದಕ್ಕೂ ಕೂದಲೆಳೆಯಷ್ಟು ಬೆಳಕು ಒಂದೇ ಸಮ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ನಡುವೆ ಬೆಳಕಿನ ಕಮಾನು ಕಂಡರೆ ತಳ ಒಳಗೆ ಬಾಗಿದೆ, ಅದಕ್ಕೆ ಹುಕ್ ಎಂದು ಹೆಸರು. ಇದು ಮೂಗನ್ನು ಕೆಳಗೆ ಒತ್ತಿ ವೇಗ ತಿನ್ನುತ್ತದೆ. ಪಟ್ಟಿಯ ಎರಡು ತುದಿಯಲ್ಲಿ ಬೆಳಕು ಬಂದು ನಡುಭಾಗ ತಾಗುತ್ತಿದ್ದರೆ ತಳ ಹೊರಗೆ ಉಬ್ಬಿದೆ, ಇದು ರಾಕರ್. ನೀರು ಉಬ್ಬಿನ ಮೇಲೆ ಹರಿಯುವಾಗ ಹಿಂಭಾಗವನ್ನು ಕೆಳಗೆ ಸೆಳೆಯುತ್ತದೆ, ಮೂಗು ಏಳುತ್ತದೆ, ಭಾರಕ್ಕೆ ಮತ್ತೆ ಬೀಳುತ್ತದೆ. ನೀವು ಬರೆದ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡು ಮಿಲಿಮೀಟರ್ ರಾಕರ್ ಇದ್ದರೂ ಇಷ್ಟು ಸಣ್ಣ ದೋಣಿ ಕುಪ್ಪಳಿಸಬಹುದು. ನಡುಗೆರೆಯಲ್ಲಿ ಒಮ್ಮೆ, ಎಡಕ್ಕೆ ಬಲಕ್ಕೆ ಒಂದೊಂದು ಸಲ ನೋಡಿ, ಕಂಡದ್ದನ್ನು ತಳದ ಮೇಲೆಯೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ.

ತಿದ್ದುವುದು ಎಪಾಕ್ಸಿ ಮತ್ತು ಫಿಲ್ಲರ್‌ನಿಂದ. ಉದ್ದನೆಯ ಮರದ ಪಟ್ಟಿಗೆ ಉಪ್ಪುಕಾಗದ ಅಂಟಿಸಿ ಉದ್ದುದ್ದ ತಿಕ್ಕಬೇಕು, ಕೈಯಲ್ಲಿ ಕಾಗದ ಹಿಡಿದು ತಿಕ್ಕಿದರೆ ಹೊಸ ಗುಂಡಿ ಹುಟ್ಟುತ್ತವೆ. ಟ್ರಾನ್ಸಮ್ಮಿನ ಕೆಳಗಿನ ಅಂಚು ಚೂಪಾಗಿ ಮೂಲೆಯಾಗಿರಬೇಕು. ಹಿಂದಿನ ಮಾಲೀಕರು ಬಣ್ಣದ ಮೇಲೆ ಬಣ್ಣ ಬಳಿದು ಆ ಅಂಚು ದುಂಡಗಾಗಿದ್ದರೆ ನೀರು ಅಲ್ಲಿ ಕಳಚಿಕೊಳ್ಳದೆ ಮೇಲಕ್ಕೆ ಅಂಟಿಕೊಂಡು ಬರುತ್ತದೆ.

ಸ್ಪಾನ್ಸನ್‌ಗಳನ್ನು ಮರೆಯಬೇಡಿ. ಎರಡರ ಹಿಂತುದಿಗೂ ಅಡ್ಡಲಾಗಿ ಪಟ್ಟಿ ಇಟ್ಟು ತಳದವರೆಗಿನ ಅಂತರವನ್ನು ಎಡಬಲ ಎರಡೂ ಕಡೆ ಅಳೆಯಿರಿ. ಮೂರು ಮಿ.ಮೀ. ವ್ಯತ್ಯಾಸ ಇದ್ದರೂ ದೋಣಿ ಒಂದು ಬದಿಗೆ ವಾಲಿ ಓಡುತ್ತದೆ, ಚಾಲಕ ಸ್ಟೀರಿಂಗಿನಲ್ಲಿ ಅದನ್ನು ತಿದ್ದುತ್ತಾ ಸುಸ್ತಾಗುತ್ತಾನೆ.

ಇನ್ನೊಂದು ವಿಷಯ. 65 ಕೆಜಿ ಎಂದಿರಲ್ಲ, ಅದು ಮಾರಿದವರು ಹೇಳಿದ್ದೋ, ನೀವು ತೂಗಿದ್ದೋ? ಹಳೆಯ ಪ್ಲೈವುಡ್ ನೀರು ಕುಡಿದಿರುತ್ತದೆ. ಎರಡು ಬಾತ್‌ರೂಮ್ ತಕ್ಕಡಿಗಳ ಮೇಲೆ ಮುಂದೊಂದು ಹಿಂದೊಂದು ಇಟ್ಟು ತೂಗಿ. ಎರಡು ವಾರ ಒಣ ಶೆಡ್ಡಿನಲ್ಲಿ, ಫ್ಯಾನ್ ಹಾಕಿ, ಡ್ರೈನ್ ಪ್ಲಗ್‌ಗಳನ್ನೂ ಡೆಕ್ಕಿನ ಮುಚ್ಚಳಗಳನ್ನೂ ತೆರೆದಿಟ್ಟು ಮತ್ತೆ ತೂಗಿ. ಮೂರು ನಾಲ್ಕು ಕೆಜಿ ಇಳಿದರೆ ಮರ ನೆನೆದಿತ್ತೆಂದು ಅರ್ಥ. ಟ್ರಾನ್ಸಮ್ಮಿನಲ್ಲಿ ಬೋಲ್ಟ್ ಹೋಗುವ ತೂತುಗಳ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಎನ್ನಬೇಕಾದಲ್ಲಿ ಮಂಕಾಗಿ ದಬ್ ಎಂದರೆ ಒಳಗೆ ಕೊಳೆತಿದೆ. ಅಂಥ ಟ್ರಾನ್ಸಮ್ಮಿಗೆ ಯಾವ ಎಂಜಿನ್ನನ್ನೂ ಹಾಕಬೇಡಿ.

ಎತ್ತರ, ಕೋನ

ಎಂಜಿನ್ ಶಾರ್ಟ್ ಶಾಫ್ಟೋ ಲಾಂಗ್ ಶಾಫ್ಟೋ, ಅಂದರೆ ನೀರಿಗಿಳಿಯುವ ಕಾಲು ಗಿಡ್ಡವೋ ಉದ್ದವೋ, ನೋಡಿ. 15 ಇಂಚಿನ ಟ್ರಾನ್ಸಮ್ಮಿಗೆ 20 ಇಂಚಿನ ಎಂಜಿನ್ ಹಾಕಿದ್ದರೆ ಐದು ಇಂಚು ಲೋಹ ಸುಮ್ಮನೆ ನೀರಿನಲ್ಲಿ ಎಳೆಯುತ್ತಿದೆ. ಹಳೆಯ ದೋಣಿಗಳ ಜೊತೆ ‘ಬಂದ’ ಎಂಜಿನ್ನುಗಳಲ್ಲಿ ಇದು ಬಹಳ ಸಲ ಕಾಣುವ ತಪ್ಪು.

ನಿಮ್ಮ ಮರ್ಕ್ಯುರಿಯಲ್ಲಿ ಪ್ರೊಪೆಲ್ಲರಿನ ಮೇಲೆ ಇರುವ ಚಪ್ಪಟೆ ತಟ್ಟೆಯನ್ನು, ಎಲ್ಲರೂ ಕ್ಯಾವಿಟೇಶನ್ ಪ್ಲೇಟ್ ಎನ್ನುವುದನ್ನು, ಮೊದಲು ತಳದ ಮಟ್ಟಕ್ಕೆ ಸರಿಯಾಗಿ ಇಡಿ. ಅಲ್ಲಿಂದ ಒಂದು ಸಲಕ್ಕೆ ಕಾಲು ಇಂಚು, ಅಂದರೆ 6 ಮಿ.ಮೀ., ಕೆಳಗೆ ಮರದ ಪಟ್ಟಿ ಕೊಟ್ಟು ಏರಿಸುತ್ತಾ ಹೋಗಿ. ಪ್ರತಿ ಸಲ ಅದೇ ನೇರ ದಾರಿಯಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ, ಒಂದೇ ದಿಕ್ಕಿನ ಓಟದಲ್ಲಿ ಗಾಳಿ ಮೋಸ ಮಾಡುತ್ತದೆ. ಆರ್‌ಪಿಎಂ ಮತ್ತು ವೇಗ ಎರಡೂ ಏರುತ್ತಿರುವವರೆಗೆ ಸರಿ. ಆರ್‌ಪಿಎಂ ಜಿಗಿದು ವೇಗ ಅಲ್ಲೇ ಉಳಿದರೆ ಪ್ರೊಪೆಲ್ಲರ್ ಗಾಳಿ ಸೇದುತ್ತಿದೆ, ಒಂದು ಹೆಜ್ಜೆ ಕೆಳಗೆ ಬನ್ನಿ.

ಅದಕ್ಕೂ ಮೊದಲು ಕೈಕೊಡುವುದು ತಂಪು ನೀರು. ಸಾಮಾನ್ಯ ಔಟ್‌ಬೋರ್ಡಿನಲ್ಲಿ ನೀರು ಸೇದುವ ಜಾಲರಿ ಪ್ರೊಪೆಲ್ಲರ್ ಶಾಫ್ಟಿಗಿಂತ ಮೇಲೆ, ಕಾಲಿನ ಬದಿಯಲ್ಲಿರುತ್ತದೆ. ಎಂಜಿನ್ ಏರಿಸಿದಂತೆ ಅದು ಗಾಳಿಗೆ ಬರುತ್ತದೆ. ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆ ತೆಳ್ಳಗಾಯಿತೋ, ಅಲ್ಲಿಗೆ ನಿಲ್ಲಿಸಿ. ನೀರಿಲ್ಲದೆ ಪೂರ್ತಿ ಥ್ರಾಟಲ್‌ನಲ್ಲಿ ಓಡಿದರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಉಜ್ಜಿ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ. ರೇಸ್ ಗೇರ್‌ಕೇಸ್‌ಗಳಲ್ಲಿ ಜಾಲರಿ ತೀರ ಕೆಳಗೆ ಇರುವುದರಿಂದ ಅವನ್ನು ಎಷ್ಟೋ ಎತ್ತರಕ್ಕೆ ಏರಿಸಬಹುದು. ಅಲ್ಲಿ ಅಳೆಯುವುದು ತಟ್ಟೆಯನ್ನಲ್ಲ, ಪ್ರೊಪೆಲ್ಲರ್ ಶಾಫ್ಟಿನ ನಡುಗೆರೆ ತಳದಿಂದ ಎಷ್ಟು ಕೆಳಗಿದೆ ಎಂಬುದನ್ನು. ಒಂದೂವರೆ ಇಂಚು ಕೆಳಗಿನಿಂದ ಆರಂಭಿಸಿ ಏರಿಸಿ. ರೇಸ್ ಕ್ಲಾಸ್‌ಗಳಲ್ಲಿ (ವರ್ಗಗಳಲ್ಲಿ) ಇದಕ್ಕೊಂದು ಕನಿಷ್ಠ ಆಳ ನಿಗದಿಯಾಗಿರುತ್ತದೆ. ಅದಕ್ಕಿಂತ ಕೂದಲಷ್ಟು ಮೇಲಿದ್ದರೂ ಗೆದ್ದ ರೇಸ್ ಕೈತಪ್ಪುತ್ತದೆ.

ಕೋನಕ್ಕೆ ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ಮೇಲೆ ಡಿಜಿಟಲ್ ಆಂಗಲ್ ಗೇಜ್ ಇಟ್ಟು, ದೋಣಿಯ ತಳದ ಕೋನದೊಂದಿಗೆ ಹೋಲಿಸಿ. ಎರಡೂ ಸಮಾಂತರ ಇರುವ ಹಾಗೆ ಆರಂಭಿಸಿ. ಶಾಫ್ಟಿನ ಹಿಂತುದಿ ಮೇಲಕ್ಕೆ ಹೋದರೆ ಮೂಗು ಏಳುತ್ತದೆ, ಕೆಳಕ್ಕೆ ಹೋದರೆ ಮೂಗು ಒತ್ತುತ್ತದೆ. ಟ್ರಾನ್ಸಮ್ ಮತ್ತು ಎಂಜಿನ್ ಬ್ರಾಕೆಟ್ ನಡುವೆ ಒಂದೂವರೆ ಮಿ.ಮೀ. ಶಿಮ್, ಅಂದರೆ ತೆಳು ಪಟ್ಟಿ, ಕೊಟ್ಟರೂ ದೋಣಿಯ ನಡೆ ಬದಲಾಗುವುದು ಗೊತ್ತಾಗುತ್ತದೆ. ಕುಪ್ಪಳಿಸುವುದನ್ನು ಶಿಮ್ಮಿನಿಂದ ಮಾತ್ರ ಮುಚ್ಚಿಹಾಕಲು ಹೋಗಬೇಡಿ. ಮೂಗು ಒತ್ತಿದರೆ ಕುಪ್ಪಳಿಸುವುದು ನಿಲ್ಲುತ್ತದೆ ನಿಜ, ಆದರೆ ಇಡೀ ತಳ ನೀರಿಗೆ ಅಂಟುತ್ತದೆ, ತಿರುವಿನಲ್ಲಿ ಮೂಗು ನೀರಿಗೆ ಚುಚ್ಚುವ ಅಪಾಯವೂ ಬರುತ್ತದೆ.

ಈಗ ಎಂಜಿನ್

ಮೊದಲು ಕ್ಲಾಸ್ ತೀರ್ಮಾನ ಮಾಡಿ. ಅಮೆರಿಕದಲ್ಲಿ ಈ ಆಟ ನಡೆಸುವುದು ಅಮೆರಿಕನ್ ಪವರ್ ಬೋಟ್ ಅಸೋಸಿಯೇಶನ್, 1903ರಿಂದ ಇರುವ ಸಂಸ್ಥೆ. ಸ್ಟಾಕ್ ಔಟ್‌ಬೋರ್ಡ್, ಅಂದರೆ ಎಂಜಿನ್ನನ್ನು ತಿದ್ದದೆ ಕಾರ್ಖಾನೆಯಿಂದ ಬಂದ ಹಾಗೇ ಓಡಿಸುವ, ವಿಭಾಗದಲ್ಲಿ ಯಾವ ಕ್ಲಾಸಿಗೆ ಯಾವ ಎಂಜಿನ್, ಎಷ್ಟು ಕನಿಷ್ಠ ತೂಕ ಎಂದು ನಿಯಮಪುಸ್ತಕದಲ್ಲಿ ಹೆಸರು ಹಿಡಿದು ಬರೆದಿರುತ್ತದೆ. ಪುಸ್ತಕದಲ್ಲಿ ಹೆಸರಿಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದು ವಿಹಾರದ ಎಂಜಿನ್ ಅಷ್ಟೆ. ಹೊಸ 20 ಎಚ್‌ಪಿ ಫೋರ್ ಸ್ಟ್ರೋಕ್ ವಿಷಯದಲ್ಲಿ ನನಗಿರುವ ಆಕ್ಷೇಪ ಇದೇ. ಅದು ಒಳ್ಳೆಯ ಎಂಜಿನ್, 333 ಸಿಸಿಯವು 43ರಿಂದ 45 ಕೆಜಿಯ ಆಸುಪಾಸಿನಲ್ಲಿ ಸಿಗುತ್ತವೆ, ಹೊಗೆ ಇಲ್ಲ, ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಗೇರ್ 2.15 ಇರುವಂಥದ್ದು, 6100ರ ಸುಮಾರಿಗೆ ಮಿತಿ. ಮೇಲಿನ ಲೆಕ್ಕ ಹಾಕಿ ನೋಡಿ, ನೀವು ಈಗ ಇರುವಲ್ಲೇ ಇರುತ್ತೀರಿ, ಕೈಯಿಂದ ಹಣ ಮಾತ್ರ ಹೋಗಿರುತ್ತದೆ. ರೇಸಿಗೆ ಬಳಸಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಕಾಗದದಲ್ಲಿ ಓದಿ, ಅಂಗಡಿಯವರ ಬಾಯಿಮಾತು ಸಾಲದು.

ಯಮಾಟೊ ಎಂಜಿನ್ನಿನ ತವರು ಜಪಾನಿನ ಕ್ಯೋಟೆ, ಅಂದರೆ ಬಾಜಿ ಕಟ್ಟಿ ನೋಡುವ ದೋಣಿ ರೇಸ್. 1952ರಲ್ಲಿ ನಾಗಸಾಕಿ ಪ್ರಾಂತದ ಒಮುರಾದಲ್ಲಿ ಶುರುವಾಗಿ ಈಗ 24 ಕಡೆ ನಡೆಯುತ್ತದೆ. ಅಲ್ಲಿ ಎಂಜಿನ್ ಚಾಲಕರದ್ದಲ್ಲ, ರೇಸ್ ಕೊಳದ್ದು. ಚೀಟಿ ಎತ್ತಿ ಹಂಚುತ್ತಾರೆ, ವರ್ಷಕ್ಕೊಮ್ಮೆ ಹೊಸತು ತರುತ್ತಾರೆ. ಹಾಗೆ ಕೆಲಸ ಮುಗಿಸಿದ ಎಂಜಿನ್ನುಗಳು ಅಮೆರಿಕಕ್ಕೆ ಬಂದು ಸ್ಟಾಕ್ ರೇಸಿನಲ್ಲಿ ತಮ್ಮದೇ ಕ್ಲಾಸ್ ಪಡೆದಿವೆ. ಸುಮಾರು 2.9 ಮೀಟರ್ ಉದ್ದದ ದೋಣಿಯನ್ನು ಅವು ಗಂಟೆಗೆ 80 ಕಿ.ಮೀ. ಆಸುಪಾಸಿಗೆ ಒಯ್ಯುತ್ತವೆ. 30 ಎಚ್‌ಪಿ ಚಿಲ್ಲರೆಯಲ್ಲಿ. ತೂಕ 40 ಕೆಜಿಗಿಂತ ಸ್ವಲ್ಪ ಹೆಚ್ಚು, ಅಂದರೆ ನಿಮ್ಮದಕ್ಕಿಂತ ಸುಮಾರು 10 ಕೆಜಿ ಕಡಿಮೆ. ಮೇಲೆ ಹೇಳಿದ 8 ಸೆಂ.ಮೀ. ಪುಕ್ಕಟೆ ಸಿಗುತ್ತದೆ.

ಹಾಗಾಗಿ ನನ್ನ ಸಲಹೆ ಯಮಾಟೊ, ಆದರೆ ಈ ತಿಂಗಳು ಅಲ್ಲ. ಅದಕ್ಕೆ ನ್ಯೂಟ್ರಲ್ ಇಲ್ಲ. ಹಗ್ಗ ಎಳೆದು ಹತ್ತಿಕೊಂಡ ಕ್ಷಣವೇ ಪ್ರೊಪೆಲ್ಲರ್ ತಿರುಗುತ್ತದೆ, ದೋಣಿ ಹೊರಡುತ್ತದೆ. ದಡದಲ್ಲಿ ದೋಣಿ ಹಿಡಿದುಕೊಳ್ಳಲು ಪಳಗಿದ ಇಬ್ಬರು ಬೇಕು, ಅವರ ಕಾಲು ಪ್ರೊಪೆಲ್ಲರಿನಿಂದ ದೂರ ಇರಬೇಕು, ಕಿಲ್ ಸ್ವಿಚ್ಚಿನ (ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್) ಹಗ್ಗ ನಿಮ್ಮ ಮೈಗೆ ಸಿಕ್ಕಿಸಿದ ಮೇಲೆಯೇ ಸ್ಟಾರ್ಟಿಂಗ್ ಹಗ್ಗಕ್ಕೆ ಕೈ ಹಾಕಬೇಕು. 46 ಕಿ.ಮೀ.ಗೇ ಕುಪ್ಪಳಿಸುವ ದೋಣಿಯನ್ನು 80ಕ್ಕೆ ಒಯ್ಯುವ ಎಂಜಿನ್ ಕೊಟ್ಟರೆ ಆಗಬಾರದ್ದೇ ಆಗುತ್ತದೆ. ತಳ, ಎತ್ತರ, ಕೋನವನ್ನು ಈಗಿರುವ ಮರ್ಕ್ಯುರಿಯಲ್ಲೇ ಸರಿಪಡಿಸಿ, ತಿರುವು ಕಲಿಯಿರಿ. ಅದು ಆ ಕೆಲಸಕ್ಕೆ ಧಾರಾಳ ಸಾಕು.

ಕೊಳ್ಳುವ ದಿನ ಕಂಪ್ರೆಶನ್ ಗೇಜ್ ತೆಗೆದುಕೊಂಡು ಹೋಗಿ. ಎರಡೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಹಗ್ಗವನ್ನು ಐದಾರು ಸಲ ಎಳೆಯಿರಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ನೂರಕ್ಕೆ ಹತ್ತು ದಾಟಬಾರದು. ಒಂದು ಪ್ಲಗ್ ಕಂದು, ಇನ್ನೊಂದು ಬೂದಿಯಂತೆ ಬಿಳಿ ಇದ್ದರೆ ಕ್ರ್ಯಾಂಕ್ ಸೀಲಿನಲ್ಲಿ ಗಾಳಿ ಸೋರುತ್ತಿರಬಹುದು. ಗಾಳಿ ಹೆಚ್ಚಾದ ಆ ಸಿಲಿಂಡರಿನ ಪಿಸ್ಟನ್ ಇವತ್ತಲ್ಲ ನಾಳೆ ತೂತಾಗುತ್ತದೆ. ಗೇರ್ ಆಯಿಲ್ಲಿನ ಸ್ಕ್ರೂ ಸಡಿಲಿಸಿ ಎರಡು ಹನಿ ಬೆರಳ ಮೇಲೆ ಬಿಡಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಹೊಕ್ಕಿದೆ. ಪ್ರೊಪೆಲ್ಲರ್ ಶಾಫ್ಟ್ ಬಾಗಿದೆಯೇ ಡಯಲ್ ಗೇಜ್ ಇಟ್ಟು ನೋಡಿ. ‘ಪೋರ್ಟ್ ಫೈಲ್ ಹಾಕಿಸಿದ್ದೇನೆ, ಬಹಳ ಸ್ಪೀಡು’ ಎಂದು, ಅಂದರೆ ಸಿಲಿಂಡರಿನ ಕಿಂಡಿಗಳನ್ನು ಅರದಿಂದ ಉಜ್ಜಿಸಿದ್ದೇನೆ ಎಂದು, ಯಾರಾದರೂ ಹೆಮ್ಮೆಯಿಂದ ಹೇಳಿದರೆ ಬಿಟ್ಟು ಬನ್ನಿ. ಸ್ಟಾಕ್ ಕ್ಲಾಸಿನಲ್ಲಿ ರೇಸ್ ಮುಗಿದ ಮೇಲೆ ಎಂಜಿನ್ ಬಿಚ್ಚಿ ಅಳೆಯುತ್ತಾರೆ, ಅಂಥ ಎಂಜಿನ್ ಅನರ್ಹ. ಮಾರುವವರ ಹತ್ತಿರ ಅದರ ಪ್ರೊಪೆಲ್ಲರುಗಳಿದ್ದರೆ ಒಟ್ಟಿಗೇ ಕೇಳಿ, ಆ ದೋಣಿ ಆ ತೂಕಕ್ಕೆ ಒಗ್ಗಿದ ಪ್ರೊಪೆಲ್ಲರ್ ಎಂಜಿನ್ನಿನಷ್ಟೇ ಬೆಲೆಬಾಳುತ್ತದೆ.

ಎಣ್ಣೆಯ ಬಗ್ಗೆ ಒಂದು ತಪ್ಪು ನಂಬಿಕೆ ಬಹಳ ಹರಡಿದೆ: ಹೆಚ್ಚು ಎಣ್ಣೆ ಬೆರೆಸಿದಷ್ಟೂ ಎಂಜಿನ್ ಸುರಕ್ಷಿತ ಎಂದು. 50:1 ಎಂದರೆ ಲೀಟರಿಗೆ 20 ಮಿ.ಲೀ., 25:1 ಎಂದರೆ 40 ಮಿ.ಲೀ. ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಬದಲಿಸದೆ ಎಣ್ಣೆ ಮಾತ್ರ ಹೆಚ್ಚಿಸಿದರೆ ಅದೇ ತೂತಿನಲ್ಲಿ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಬಿಸಿಯಾಗುತ್ತದೆ. ಎಂಜಿನ್ ಮಾಡಿದವರು ಹೇಳಿದ ಅನುಪಾತಕ್ಕೆ ಅಂಟಿಕೊಳ್ಳಿ. ಎಥನಾಲ್ ಬೆರೆಸಿದ ಪೆಟ್ರೋಲ್ ಗಾಳಿಯ ತೇವ ಹೀರಿ ತಳದಲ್ಲಿ ಬೇರ್ಪಡುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆದು ಮಾಡುತ್ತದೆ. ಎಥನಾಲ್ ಇಲ್ಲದ್ದು ಸಿಕ್ಕರೆ, ಕ್ಲಾಸ್ ನಿಯಮ ಒಪ್ಪಿದರೆ ಅದನ್ನೇ ಹಾಕಿ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ.

ನಿಮ್ಮ ಮನೆಯವರ ಭಯ

ಅದು ನ್ಯಾಯವಾದ ಭಯ, ಅವರಿಗೆ ನೇರವಾಗಿಯೇ ಹೇಳಿ. ಮಗುಚುವುದಕ್ಕೂ ಈಗಿನ ಕುಪ್ಪಳಿಸುವಿಕೆಗೂ ಕಾರಣ ಬೇರೆ. ತಳದ ಅಡಿ ನುಗ್ಗುವ ಗಾಳಿ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣ. 46ರಿಂದ 80ಕ್ಕೆ ಹೋದರೆ ಅದು ಮೂರು ಪಟ್ಟಾಗುತ್ತದೆ. 80ರಲ್ಲಿ ಓಡುವಾಗ ಎದುರಿಗೆ 20 ಕಿ.ಮೀ. ಗಾಳಿ ಬೀಸಿದರೆ ಒಮ್ಮೆಗೇ ಇನ್ನೂ ಅರ್ಧದಷ್ಟು ಹೆಚ್ಚುತ್ತದೆ. ಆ ಹೊತ್ತಿಗೆ ತೂಕ ಹಿಂದಿದ್ದರೆ, ಯಾರದೋ ಅಲೆಗೆ ಮೂಗು ಎದ್ದರೆ, ದೋಣಿ ಗಾಳಿಪಟವಾಗುತ್ತದೆ. ತಡೆಯುವುದು ಸರಿಯಾದ ತೂಕ ಹಂಚಿಕೆ, ಗಾಳಿ ಇಲ್ಲದ ದಿನದ ಆಯ್ಕೆ, ಮತ್ತು ಮೂಗು ಎದ್ದ ಕೂಡಲೇ ಮೈ ಮುಂದೆ ಬಾಗಿಸಿ ಥ್ರಾಟಲ್ ಸಡಿಲಿಸುವ ಅಭ್ಯಾಸ. ಆದ್ದರಿಂದಲೇ ಥ್ರಾಟಲ್ ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಿಡಿಕೆಯಾಗಿರಬೇಕು.

ಮೈಮೇಲೆ ಹೆಲ್ಮೆಟ್, ತಲೆಯನ್ನು ನೀರಿನ ಮೇಲೆ ಹಿಡಿಯುವ ಕಾಲರ್ ಇರುವ ರೇಸ್ ಲೈಫ್ ಜಾಕೆಟ್, ಕೈಕಾಲಿಗೆ ಕೆವ್ಲಾರ್ ಬಟ್ಟೆ. ಕೆವ್ಲಾರ್ ಏಕೆಂದರೆ ತೆರೆದ ಕಾಕ್‌ಪಿಟ್ಟಿನಿಂದ ಬಿದ್ದವರಿಗೆ ದೊಡ್ಡ ಅಪಾಯ ಹಿಂದೆ ಬರುವ ದೋಣಿಯ ಪ್ರೊಪೆಲ್ಲರ್. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ವೇಗದಲ್ಲಿ ಓಡುವಾಗ ಕಿಲ್ ಸ್ವಿಚ್ ಸಿಕ್ಕಿಸಿಕೊಳ್ಳುವುದು 2021ರ ಏಪ್ರಿಲ್‌ನಿಂದ ಅಮೆರಿಕದಲ್ಲಿ ಕಾನೂನೇ ಆಗಿದೆ. ವಾಷಿಂಗ್ಟನ್ ರಾಜ್ಯದಲ್ಲಿ 15 ಎಚ್‌ಪಿ ಮತ್ತು ಅದಕ್ಕಿಂತ ಹೆಚ್ಚಿನ ಮೋಟಾರ್ ದೋಣಿಗೆ ಬೋಟರ್ ಎಜುಕೇಶನ್ ಕಾರ್ಡ್ ಬೇಕು, ಚಳಿಗಾಲದಲ್ಲೇ ಅದನ್ನು ಮುಗಿಸಿಕೊಳ್ಳಿ. ಎಷ್ಟೋ ಸಣ್ಣ ಕೆರೆಗಳಲ್ಲಿ ವೇಗದ ಮಿತಿ ಇರುತ್ತದೆ, ಹಾಗಾಗಿ ಕ್ಲಬ್ಬಿನವರು ಅನುಮತಿ ಪಡೆದ ಟೆಸ್ಟ್ ದಿನಗಳಲ್ಲೇ ಇಳಿಯಿರಿ, ಅಲ್ಲಿ ರಕ್ಷಣಾ ದೋಣಿಯೂ ಇರುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿನ ನೀರು ಮೈ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ, ಒಳಗೆ ವೆಟ್‌ಸೂಟ್ ತೊಡಿ.

ಮೊದಲ ಟೆಸ್ಟ್ ದಿನ ನೀರಿಗೆ ಇಳಿಸುವ ಮುಂಚೆ ಸ್ಟೀರಿಂಗ್ ಕೇಬಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಟ್ಟೆ ಹಿಡಿದು ಸವರಿ, ಮುರಿದ ಎಳೆ ಇದ್ದರೆ ಬಟ್ಟೆಗೆ ಸಿಕ್ಕುತ್ತದೆ. ಕಪ್ಪಿಗಳ ಬೋಲ್ಟುಗಳಿಗೆ ನೈಲಾನ್ ಲಾಕ್ ನಟ್ ಇರಲಿ. ಎಂಜಿನ್ನಿನ ಹಿಡಿತದ ಸ್ಕ್ರೂಗಳನ್ನು ಮಾತ್ರ ನಂಬದೆ ಟ್ರಾನ್ಸಮ್ಮಿನ ಮೂಲಕ ಬೋಲ್ಟ್ ಹಾಕಿ. ತಿರುವು ಎಡಕ್ಕೇ ಅಭ್ಯಾಸ ಮಾಡಿ, ಎಡಬದಿಯಲ್ಲಿ ನೀರಿಗಿಳಿದಿರುವ ಫಿನ್ ಎಂಬ ರೆಕ್ಕೆ ಅದಕ್ಕೆಂದೇ ಇರುವುದು. ಬಲಕ್ಕೆ ಜೋರಾಗಿ ತಿರುಗಿಸಿದರೆ ದೋಣಿ ಪಕ್ಕಕ್ಕೆ ಜಾರಿ ಹೋಗುತ್ತದೆ. ಒಂದು ಓಟಕ್ಕೆ ಒಂದೇ ಬದಲಾವಣೆ: ಎತ್ತರ ಬದಲಿಸಿದರೆ ಪ್ರೊಪೆಲ್ಲರ್ ಮುಟ್ಟಬೇಡಿ, ಪ್ರೊಪೆಲ್ಲರ್ ಬದಲಿಸಿದರೆ ಶಿಮ್ ಮುಟ್ಟಬೇಡಿ. ಎತ್ತರ, ಕೋನ, ಪಿಚ್, ಆರ್‌ಪಿಎಂ, ಎರಡೂ ದಿಕ್ಕಿನ ವೇಗ, ಗಾಳಿ, ಮಂಡಿ ಊರಿದ ಜಾಗ ಇಷ್ಟನ್ನೂ ಅಲ್ಲೇ ದಡದಲ್ಲಿ ಪುಸ್ತಕದಲ್ಲಿ ಬರೆಯಿರಿ. ಮಂಡಿಯ ಜಾಗಕ್ಕೆ ಕಾಕ್‌ಪಿಟ್ಟಿನ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿಕೊಂಡರೆ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರಬಹುದು. ತಳ ತಿದ್ದಿ, ಕೋನ ಸಮಾಂತರಕ್ಕೆ ತಂದ ಮೇಲೂ ಕುಪ್ಪಳಿಸುತ್ತಿದ್ದರೆ ಆ ಟೇಪನ್ನು ಐದೈದು ಸೆಂ.ಮೀ. ಮುಂದಕ್ಕೆ ಸರಿಸುತ್ತಾ ಹೋಗಿ, ಎಲ್ಲಿ ನಿಂತಿತು ಎಂಬ ಅಳತೆಯನ್ನು ಎಂಜಿನ್ ಕೊಳ್ಳುವ ಮುಂಚೆ ನನಗೆ ಬರೆದು ಕಳಿಸಿ.